ಪಾತ್ರ ತಂದವರಿಗೆ ಮಾತ್ರ

ನನ್ನ ಹೆಂಡತಿಯ ದನಿ ಊರಿಗೆಲ್ಲ ಗೊತ್ತು. ರೈಲು ನಿಲ್ದಾಣದ ಧ್ವನಿವರ್ಧಕದಲ್ಲಿ ಯಾವ ಗಾಡಿ ಬಂತು, ಯಾವುದು ಹೊರಟಿತು, ಯಾವುದು ಎಷ್ಟು ತಡ ಎಂದು ಹೇಳುವವಳು ಅವಳೇ. ಹಾಲಿನವನಿಗೆ ಆ ದನಿ ಗೊತ್ತು, ಹಮಾಲಿಗಳಿಗೆ ಗೊತ್ತು, ಗಾಡಿ ತಪ್ಪಿಸಿಕೊಂಡು ಅವಳನ್ನು ಬೈದುಕೊಂಡವರಿಗಂತೂ ಚೆನ್ನಾಗಿ ಗೊತ್ತು. ಆ ದನಿ ಕೇಳುವ ಭಾಗ್ಯವಿಲ್ಲದವನು ಇಡೀ ಊರಿನಲ್ಲಿ ಒಬ್ಬನೇ ಒಬ್ಬ. ಅವನು ಅವಳನ್ನು ಮದುವೆಯಾದವನು.

ಜಗಳವೇನಿಲ್ಲ, ಮುನಿಸೂ ಇಲ್ಲ. ಗಂಟಲಿನ ಡಾಕ್ಟರು ಒಮ್ಮೆ, "ಈ ಕೆಲಸ ಉಳೀಬೇಕು ಅಂದ್ರೆ ಮನೇಲಿ ಗಂಟಲಿಗೆ ರಜ ಕೊಡಿ" ಎಂದಿದ್ದರು. ಅವಳು ಕೊಟ್ಟಳು. ಅಂದಿನಿಂದ ನಮ್ಮ ಮನೆಯ ವ್ಯವಹಾರವೆಲ್ಲ ಕೈಸನ್ನೆಯಲ್ಲಿ. ಎರಡು ಬೆರಳು ಎತ್ತಿದರೆ ಉಪ್ಪು ಕೊಡಿ ಎಂದು. ಅಂಗೈ ಮಗುಚಿದರೆ ನಲ್ಲಿ ನಿಲ್ಲಿಸಿ ಎಂದು. ಹುಬ್ಬು ಎತ್ತಿ ಕತ್ತು ಮುಟ್ಟಿದರೆ ನಿಮ್ಮ ಅಕ್ಕ ಫೋನ್ ಮಾಡಿದ್ದರು ಎಂದು. ಹಾಗೆಂದುಕೊಂಡು ನಾನು ಅಕ್ಕನಿಗೆ ಫೋನ್ ಮಾಡಿ, ಅವಳ ಮಂಡಿನೋವಿನ ಪುರಾಣವನ್ನು ಆದಿಯಿಂದ ಅಂತ್ಯದವರೆಗೆ ಕೇಳಿಸಿಕೊಂಡ ಮೇಲೆ, ಹೆಂಡತಿ ಹೇಳಿದ್ದು ನನ್ನ ಅಂಗಿಯ ಗುಂಡಿ ಕಿತ್ತುಹೋಗಿದೆ ಎಂದಷ್ಟೇ ಎಂದು ಗೊತ್ತಾಗುತ್ತಿತ್ತು.

ಮದುವೆಯ ಹೊಸದರಲ್ಲಿ ಅವಳು ಹೀಗಿರಲಿಲ್ಲ. ಮೂಲೆಯಂಗಡಿಗೆ ಹೋಗಿ ಒಂದು ಬೆಂಕಿಪೊಟ್ಟಣ ತಂದರೂ, ಹೋಗುವಾಗ ಯಾರು ಸಿಕ್ಕರು, ಬರುವಾಗ ಯಾರು ಮುಖ ತಿರುಗಿಸಿದರು, ಯಾಕೆ ತಿರುಗಿಸಿದರು ಎಂದು ಕಾಫಿ ಆರಿ ತಣ್ಣಗಾಗುವವರೆಗೆ ಹೇಳುತ್ತಿದ್ದಳು. ನನಗೆ ಆ ಮಾತು ಬೇಕಾಗಿತ್ತು. ಮುಚ್ಚುಮರೆ ಯಾಕೆ, ಹೊಟ್ಟೆ ಹಸಿದ ಹಾಗೆ ಬೇಕಾಗಿತ್ತು. ತಡೆಯಲಾರದೆ ಆಗಾಗ ಕೆಲಸ ಮುಗಿಸಿ ನಿಲ್ದಾಣಕ್ಕೆ ಹೋಗಿ, ಧ್ವನಿವರ್ಧಕದ ಕೆಳಗಿನ ಬೆಂಚಿನಲ್ಲಿ ಕೂತು ಬರುತ್ತಿದ್ದೆ.

ಒಂದು ದಿನ ಟಿಕೆಟ್ ತಪಾಸಣೆಯವನು ನನ್ನ ಮುಂದೆ ಬಂದು ನಿಂತ.

"ಯಾವ ಗಾಡಿಗೆ ಕಾಯ್ತಿದೀರಿ?"

"ಯಾವುದಕ್ಕೂ ಇಲ್ಲ."

"ಯಾರನ್ನಾದ್ರೂ ಕರ್ಕೊಂಡು ಹೋಗೋಕೆ ಬಂದಿದೀರಾ?"

"ಇಲ್ಲಪ್ಪ, ಸುಮ್ನೆ ಕೇಳಿಸ್ಕೊಳ್ತಾ ಇದೀನಿ."

"ಏನನ್ನ?"

ಅಷ್ಟರಲ್ಲಿ ಮೇಲಿನಿಂದ ಅವಳು, ಇಂಥ ಗಾಡಿ ತಡವಾಗಿ ಬರಲಿದೆ, ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ ಎಂದಳು. ನಾನು ಕಣ್ಣು ಮುಚ್ಚಿ ಹಾಯಾಗಿ ನಿಟ್ಟುಸಿರು ಬಿಟ್ಟೆ. ಗಾಡಿ ತಡವಾಯಿತೆಂದು ಇಷ್ಟು ಸುಖಪಡುವ ಪ್ರಯಾಣಿಕನನ್ನು ತನ್ನ ಸರ್ವಿಸ್‌ನಲ್ಲೇ ಕಂಡಿರದ ಆತ, ತಲೆ ಕೆಟ್ಟವನಿರಬೇಕೆಂದು ದೂರ ಸರಿದ.

ನಾನು ಬಣ್ಣದ ಅಂಗಡಿಯಲ್ಲಿ ಬಣ್ಣ ಬೆರೆಸುವವನು. ಒಂದು ಮಧ್ಯಾಹ್ನ ನಮ್ಮ ಬೀದಿಯ ಹಲ್ಲಿನ ಡಾಕ್ಟರು ಅಂಗಡಿಗೆ ಬಂದು, "ಒಣಗಿದ ರಕ್ತದ ಬಣ್ಣ ಇದೆಯಾ?" ಎಂದರು.

"ಗೋಡೆಗಾ, ಕಿಟಕಿಗಾ?"

"ರಾಕ್ಷಸನಿಗೆ."

ಯಾಕೆ ಎಂದು ಗಿರಾಕಿಯನ್ನು ಕೇಳುವ ಪದ್ಧತಿ ನಮ್ಮ ಅಂಗಡಿಯಲ್ಲಿಲ್ಲ. ಎಷ್ಟು ಕೋಟ್ ಎಂದಷ್ಟೇ ಕೇಳಿದೆ. ಡಾಕ್ಟರು ಜೇಬಿನಿಂದ ಹೆಬ್ಬೆರಳಷ್ಟುದ್ದದ ಒಂದು ರಾಕ್ಷಸನ ಗೊಂಬೆ ತೆಗೆದು ಮೇಜಿನ ಮೇಲಿಟ್ಟರು.

"ಇದೊಂದು ಆಟ. ನಾಲ್ಕೈದು ಜನ ಮೇಜಿನ ಸುತ್ತ ಕೂತ್ಕೋತೀವಿ. ಒಬ್ಬೊಬ್ರಿಗೂ ಒಂದೊಂದು ಪಾತ್ರ. ಒಬ್ಬ ಕಥೆ ನಡೆಸ್ತಾನೆ. ಎದುರಿಗೆ ಕಾಡಿದೆ, ಹೊಳೆ ಇದೆ, ಈಗ ಏನು ಮಾಡ್ತೀಯ ಅಂತ ಕೇಳ್ತಾನೆ. ಉಳಿದವರು ಹೇಳ್ಬೇಕು. ಹೇಳಿದ್ದು ಆಗುತ್ತೋ ಇಲ್ವೋ ಅನ್ನೋದನ್ನ ದಾಳ ತೀರ್ಮಾನ ಮಾಡುತ್ತೆ. ದೊಡ್ಡ ಸಂಖ್ಯೆ ಬಿದ್ರೆ ಆಯ್ತು, ಚಿಕ್ಕದು ಬಿದ್ರೆ ಇಲ್ಲ. ಅಷ್ಟೇ."

"ಮಾತಾಡದೆ ಆಡಬಹುದಾ?"

"ಅದೊಂದು ಆಗಲ್ಲ. ಬಾಯಲ್ಲೇ ಆಡೋ ಆಟ ಇದು. ನಮ್ಮ ಮಾವನವರ ಬಾಯಿಗೆ ಬೀಗ ಬಿದ್ದು ಎಷ್ಟೋ ಕಾಲ ಆಗಿತ್ತು. ಒಂದು ಕತ್ತೆ ಪಾತ್ರ ಕೊಟ್ಟೆ ನೋಡಿ. ಈಗ ಬಾಯಿ ಮುಚ್ಚಿಸೋರಿಲ್ಲ."

ಜನರ ಬಾಯಿ ತೆರೆಸುವುದರಲ್ಲಿ ಹಲ್ಲಿನ ಡಾಕ್ಟರಿಗಿಂತ ಪಳಗಿದವರು ಯಾರಿದ್ದಾರೆ? ನಾನು ನಂಬಿದೆ. ನಂಬಿ ಸುಮ್ಮನಿದ್ದರೆ ಆಗುತ್ತಿತ್ತು. "ಅಯ್ಯೋ, ಇದಾ! ಚಿಕ್ಕಂದಿನಲ್ಲಿ ನಾನು ಬೇಕಾದಷ್ಟು ಆಡಿಸಿದೀನಿ" ಎಂದುಬಿಟ್ಟೆ. ಡಾಕ್ಟರಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಚೀಲದಿಂದ ಇಟ್ಟಿಗೆಯಷ್ಟು ದಪ್ಪದ ನಿಯಮಗಳ ಪುಸ್ತಕವನ್ನೂ, ಇಪ್ಪತ್ತು ಮುಖದ ಒಂದು ದಾಳವನ್ನೂ ತೆಗೆದು ನನ್ನ ಕೈಗಿಟ್ಟು, "ಹಾಗಾದ್ರೆ ಈ ಭಾನುವಾರ ಆಡಿಸಿ. ಸೋಮವಾರ ಬಂದು ಕಥೆ ಕೇಳ್ತೀನಿ" ಎಂದು ಹೊರಟೇಹೋದರು.

ಪುಸ್ತಕ ಓದಿದೆ. ಪ್ರತಿಯೊಬ್ಬರೂ ತಮ್ಮ ಪಾತ್ರವನ್ನು ತಾವೇ ಸಿದ್ಧ ಮಾಡಿಕೊಂಡು ಬರಬೇಕು ಎಂಬುದು ಮೊದಲನೆಯ ಅಧ್ಯಾಯ. ದೋಷವಿಲ್ಲದ ಪಾತ್ರ ಒಳ್ಳೆಯ ಪಾತ್ರವಲ್ಲ ಎಂಬುದು ಎರಡನೆಯದು. ಮೂರನೆಯದರಿಂದಾಚೆಗೆ ಏನೂ ಅರ್ಥವಾಗದ ಕಾರಣ, ಅನುಭವಿಗಳಿಗೆ ಇಷ್ಟು ಸಾಕೆಂದು ಮುಚ್ಚಿಟ್ಟೆ.

ಹೆಂಡತಿಯನ್ನು ನೇರವಾಗಿ ಕರೆದರೆ ತಲೆಯಾಡಿಸಿ ಒಳಗೆ ಹೋಗುತ್ತಾಳೆ ಎಂದು ಗೊತ್ತಿತ್ತು. ಮನೆ ತುಂಬ ಜನರಿದ್ದರೆ ಅವಳೂ ಕೂರಲೇಬೇಕು, ಕೂತರೆ ಬಾಯಿ ಬಿಡಲೇಬೇಕು ಎಂಬುದು ನನ್ನ ಉಪಾಯ. ಅದಕ್ಕೆ ಮೆಟ್ಟಿಲ ಬಳಿಯ ಫಲಕದಲ್ಲಿ ಒಂದು ಸೂಚನೆ ಅಂಟಿಸಿದೆ. ಕಟ್ಟಡದಲ್ಲಿ ಆಟಗಳಿಗೆ ನಿಷೇಧವಿದ್ದುದರಿಂದ ಆಟ ಎಂಬ ಶಬ್ದ ಬಳಸಲಿಲ್ಲ. 'ಭಾನುವಾರ ನಾಲ್ಕು ಗಂಟೆಗೆ ಮೂರನೆಯ ಮಹಡಿಯಲ್ಲಿ. ಪಾತ್ರ ತಂದವರಿಗೆ ಮಾತ್ರ. ಮೊದಲು ಬಂದವರಿಗೆ ಆದ್ಯತೆ.' ಬಣ್ಣದ ಕುಂಚದಲ್ಲಿ, ಅಂಗೈಯಗಲದ ಅಕ್ಷರಗಳಲ್ಲಿ ಬರೆದಿದ್ದೆ. ಪ್ರಾಸ ಕೂಡ ತಾನಾಗಿ ಬಂದಿತ್ತು.

ಈಗ ನಮ್ಮ ಕಟ್ಟಡದ ಕಾರ್ಯದರ್ಶಿಗಳ ವಿಷಯ ಹೇಳಬೇಕು. ಅವರು ಛಾಪಖಾನೆಯಲ್ಲಿ ಕರಡು ತಿದ್ದಿ ತಿದ್ದಿ ನಿವೃತ್ತರಾದವರು. ಕೆಲಸ ಬಿಟ್ಟರೂ ತಿದ್ದುವುದು ಬಿಟ್ಟಿಲ್ಲ. ಔಷಧಿ ಚೀಟಿ, ಬಸ್ಸಿನ ಹಲಗೆ, ಮದುವೆ ಪತ್ರಿಕೆ, ಕಣ್ಣಿಗೆ ಬಿದ್ದದ್ದನ್ನೆಲ್ಲ ಕೆಂಪು ಶಾಯಿಯಲ್ಲಿ ತಿದ್ದುತ್ತಾರೆ. ಅವರನ್ನು ಎಲ್ಲರೂ ತಿದ್ದುಪಡಿ ತಾತ ಎನ್ನುತ್ತೇವೆ. ನನ್ನ ಸೂಚನೆಯನ್ನು ಅವರು ಕನ್ನಡಕ ಏರಿಸಿ ಓದಿ, ಪಾಪ, ಬಣ್ಣ ಬೆರೆಸುವವನು, ಒಂದು ಎತ್ವ ಬಿಟ್ಟುಬಿಟ್ಟಿದ್ದಾನೆ ಎಂದು ಮರುಗಿ, ಪಾತ್ರದ ತಲೆಗೆ ಒಂದು ಎತ್ವ ಏರಿಸಿ ಪಾತ್ರೆ ಮಾಡಿದರು.

ಆ ವಾರ ಬೇರೆ ನಮ್ಮ ಬೀದಿಯ ನೀರಿನ ಪಂಪು ಕೆಟ್ಟಿತ್ತು.

ಭಾನುವಾರ ಬಾಗಿಲು ತೆರೆದು ನೋಡುತ್ತೇನೆ, ಮೂರು ಮಹಡಿಯ ಮೆಟ್ಟಿಲ ತುಂಬ ಜನ! ಸಾಲು ಕೆಳಗಿಳಿದು ಬೀದಿಗೆ ಹೋಗಿ ಮೂಲೆ ತಿರುಗಿತ್ತು. ನನಗೆ ಎದೆ ಉಬ್ಬಿ ಬಂತು. ಜನರಿಗೆ ಮಾತಿನ ಹಸಿವು ಇಷ್ಟಿದೆ, ನಾನೊಬ್ಬನೇ ಅಲ್ಲ ಎಂದು ಕಣ್ಣು ಕೂಡ ತೇವವಾಯಿತು. ಎಲ್ಲರ ಕೈಯಲ್ಲೂ ಕೊಡ, ಬಿಂದಿಗೆ, ಬಕೆಟ್ಟು ಇದ್ದದ್ದನ್ನು ಕಂಡೆನಾದರೂ, ನೀರಿಲ್ಲದ ವಾರದಲ್ಲಿ ಜನ ಎಲ್ಲಿ ಹೋದರೂ ಹಾಗೆಯೇ ಹೋಗುತ್ತಾರೆ ಎಂದುಕೊಂಡೆ.

"ಎಲ್ಲರೂ ಪಾತ್ರ ತಂದಿದೀರಾ?" ಎಂದು ಕೂಗಿದೆ.

"ತಂದಿದೀವಿ!" ಎಂದು ಬೀದಿಯವರೆಗೂ ಕೇಳಿಸಿತು.

ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನೆಲಮಹಡಿಯ ಅಜ್ಜಿ ಇದ್ದರು. ಕೊಡದ ಅಜ್ಜಿ ಎಂದೇ ಅವರ ಹೆಸರು, ಎರಡೂ ಅರ್ಥದಲ್ಲಿ. ಸದಾ ಸೊಂಟದಲ್ಲಿ ಒಂದು ಕೊಡ, ಯಾರಿಗೂ ಏನೂ ಕೊಡುವುದಿಲ್ಲ.

"ನಂದು ಸ್ವಲ್ಪ ದೊಡ್ಡದು, ಪರವಾಗಿಲ್ವಾ?" ಎಂದರು ಅಜ್ಜಿ.

"ದೊಡ್ಡದು ಚಿಕ್ಕದು ಅಂತ ಇಲ್ಲ ಅಜ್ಜಿ. ಚಿಕ್ಕ ಪಾತ್ರಾನೇ ಕೊನೇಲಿ ಮನಸ್ಸಲ್ಲಿ ಉಳಿಯೋದು."

"ಮನಸ್ಸಲ್ಲಿ ಉಳಿದ್ರೆ ಏನು ಬಂತು? ಮನೇಲಿ ಉಳೀಬೇಕು. ತಳದಲ್ಲಿ ಒಂದು ತೂತು ಬೇರೆ ಇದೆ."

"ಒಳ್ಳೇದಾಯ್ತು! ದೋಷ ಇರೋ ಪಾತ್ರಾನೇ ಬೇಕು ಅಂತ ಪುಸ್ತಕದಲ್ಲೇ ಇದೆ."

"ಯಾವ ಮುಠ್ಠಾಳ ಬರೆದಿದ್ದು? ಅದಿರ್ಲಿ, ಬೇಗ ತುಂಬಿಸು."

"ನಾನು ತುಂಬೋದಲ್ಲ. ಪಾತ್ರಕ್ಕೆ ಅವರವರೇ ಜೀವ ತುಂಬಬೇಕು."

"ಜೀವ ಯಾಕಪ್ಪ, ನೀರು ತುಂಬಿದ್ರೆ ಸಾಕು!"

ಆಗ ನನಗೆ ಅರ್ಥವಾಯಿತು. "ಇಲ್ಲಿ ನೀರಿಲ್ಲ, ಇದು ಪಾತ್ರ, ಪಾತ್ರೆ ಅಲ್ಲ" ಎಂದೆ. ಆ ಮಾತು ಮಹಡಿ ಇಳಿಯುತ್ತ ಇಳಿಯುತ್ತ ರೂಪ ಬದಲಿಸಿತು. ಎರಡನೆಯ ಮಹಡಿಯಲ್ಲಿ, ನೀರು ಮೂರನೆಯ ಮಹಡಿಯವರಿಗೆ ಮಾತ್ರವಂತೆ ಎಂದಾಯಿತು. ಮೊದಲನೆಯದರಲ್ಲಿ, ಪಾತ್ರೆ ನೋಡಿ ಆರಿಸುತ್ತಾರಂತೆ ಎಂದಾಯಿತು. ಬೀದಿಗೆ ತಲುಪುವ ಹೊತ್ತಿಗೆ ನಾನು ಟ್ಯಾಂಕರು ಬಚ್ಚಿಟ್ಟ ಕಳ್ಳನಾಗಿದ್ದೆ. ಕೊಡ ಬಕೆಟ್ಟುಗಳ ತಳ ಬಡಿಯುವ ಸದ್ದು ಶುರುವಾಯಿತು. ಬಕೆಟ್ಟುಗಳ ನಡುವೆ ದಾರಿ ಮಾಡಿಕೊಂಡು ನೀರು ಸರಬರಾಜಿನ ಇನ್ಸ್‌ಪೆಕ್ಟರು ಮೇಲೆ ಬಂದರು. ವಾರವಿಡೀ ಜನರಿಂದ ಬೈಸಿಕೊಂಡ ಮುಖ.

"ಖಾಸಗಿಯಾಗಿ ನೀರು ಹಂಚೋಕೆ ಯಾರು ಪರವಾನಗಿ ಕೊಟ್ರು?"

"ನಾನು ಹಂಚ್ತಾ ಇಲ್ಲ ಸಾರ್."

"ಹಂಚ್ತಾನೂ ಇಲ್ವಾ? ಹಾಗಾದ್ರೆ ದಾಸ್ತಾನು! ಅದು ಇನ್ನೂ ದೊಡ್ಡ ಅಪರಾಧ."

ತಿದ್ದುಪಡಿ ತಾತ ಹಿಂದಿನಿಂದ ಇಣುಕಿ, "ಎತ್ವ ಹಾಕಿದ್ದು ನಾನು. ಬರಹ ಈಗ ಶುದ್ಧವಾಗಿದೆ" ಎಂದು ಇನ್ಸ್‌ಪೆಕ್ಟರಿಗೆ ಭರವಸೆ ಕೊಟ್ಟರು.

ಅಷ್ಟರಲ್ಲಿ ಕೆಲಸ ಮುಗಿಸಿ ಬಂದ ನನ್ನ ಹೆಂಡತಿ ಮೆಟ್ಟಿಲ ತಿರುವಿನಲ್ಲಿ ನಿಂತಿದ್ದಳು. ಜನರನ್ನು ನೋಡಿದಳು, ಫಲಕವನ್ನು ನೋಡಿದಳು, ಇಂಗು ತಿಂದ ಮಂಗನಂತೆ ನಿಂತ ನನ್ನನ್ನು ನೋಡಿದಳು. ನನ್ನ ಕಂಕುಳಲ್ಲಿದ್ದ ದಪ್ಪ ಪುಸ್ತಕವನ್ನು ಸ್ವಲ್ಪ ಹೊತ್ತು ಜಾಸ್ತಿಯೇ ನೋಡಿದಳು. ಆಮೇಲೆ ಕಂಬಿ ಹಿಡಿದು ನಿಂತು ಗಂಟಲು ಸರಿಮಾಡಿಕೊಂಡಳು.

"ದಯವಿಟ್ಟು ಗಮನಿಸಿ. ಮೂರನೆಯ ಮಹಡಿಯಲ್ಲಿ ನೀರು ಲಭ್ಯವಿರುವುದಿಲ್ಲ. ಸಾರ್ವಜನಿಕರು ತಮ್ಮ ತಮ್ಮ ಪಾತ್ರೆಗಳೊಂದಿಗೆ ಹಿಂದಿರುಗಬೇಕಾಗಿ ವಿನಂತಿ. ಅನಾನುಕೂಲಕ್ಕಾಗಿ ವಿಷಾದಿಸುತ್ತೇವೆ."

ತಳ ಬಡಿಯುವುದು ನಿಂತಿತು. ನಿಲ್ದಾಣದ ದನಿಗೆ ಎದುರಾಡಿ ಯಾರಿಗೆ ಅಭ್ಯಾಸವಿದೆ? ಸಾಲು ಹಿಂದಕ್ಕೆ ತಿರುಗಿತು. ಬೀದಿಯಲ್ಲಿ ಯಾರೋ "ಯಾವ ಪ್ಲಾಟ್‌ಫಾರಂ ಅಂದ್ರು?" ಎಂದು ಗಾಬರಿಯಲ್ಲಿ ಕೇಳುತ್ತಿದ್ದರು. ನನಗಂತೂ, ನಮ್ಮ ಮೆಟ್ಟಿಲ ಮೇಲೆ ಅವಳ ದನಿ ಕೇಳಿ ಎಷ್ಟು ಕಾಲವಾಗಿತ್ತೋ! ಆದರೆ ಅದು ಸಾರ್ವಜನಿಕರಿಗೆ ಹೇಳಿದ್ದು. ನನ್ನನ್ನು ದಾಟಿ ಒಳಗೆ ಹೋಗುವಾಗ ಅವಳು ಒಂದಕ್ಷರ ಆಡಲಿಲ್ಲ.

ಮೂವರು ಮಾತ್ರ ಉಳಿದರು. ನೀರು ತುಂಬದೆ ಕದಲುವುದಿಲ್ಲ ಎಂದು ಕೊಡದ ಅಜ್ಜಿ, ತಪ್ಪಿತಸ್ಥ ಮುಖದ ತಿದ್ದುಪಡಿ ತಾತ, ವಿಚಾರಣೆ ಮುಗಿದಿಲ್ಲ ಎಂದು ಇನ್ಸ್‌ಪೆಕ್ಟರು. ಹೇಗೂ ಕೂತಿದ್ದಾರಲ್ಲ ಎಂದು ಆಟ ಶುರು ಮಾಡಿಯೇಬಿಟ್ಟೆ. ಹೆಂಡತಿ ಬಿಸಿನೀರಿನ ಲೋಟ ಹಿಡಿದು ಮೇಜಿನ ಆ ತುದಿಯಲ್ಲಿ ಕೂತಳು. ಕೂತಳಲ್ಲ, ಅಷ್ಟೇ ಸಾಕು ಎಂದುಕೊಂಡೆ.

"ನೀವೆಲ್ಲ ಒಂದು ಗವಿಯ ಬಾಗಿಲಲ್ಲಿದೀರಿ. ಒಳಗೆ ರಾಕ್ಷಸ ಇದಾನೆ. 'ಯಾರದು, ನನ್ನ ಗವಿಗೆ ಬಂದವರು?' ಅಂತ ಗರ್ಜಿಸ್ತಾನೆ. ಏನು ಮಾಡ್ತೀರಿ?"

"'ಯಾರವರು' ಅಂತಿರಬೇಕು," ಎಂದರು ತಾತ. "ಬಂದವರು ಬಹುವಚನ."

"ಗವಿಗೆ ನೀರಿನ ಸಂಪರ್ಕ ಇದೆಯಾ?" ಎಂದರು ಇನ್ಸ್‌ಪೆಕ್ಟರು. "ಕಂದಾಯ ಕಟ್ಟಿದಾನಾ ಕೇಳಿ."

"ನೀರಿದ್ರೆ ನಾನು ಮೊದಲು," ಎಂದರು ಅಜ್ಜಿ.

ರಾಕ್ಷಸನಾಗಿ ನಾನು ಗರ್ಜಿಸಿದಷ್ಟೂ ತಾತ ತಿದ್ದಿದರು, ಇನ್ಸ್‌ಪೆಕ್ಟರು ದಂಡ ಹಾಕಿದರು. ಕೊನೆಗೆ ಒಣಗಿದ ರಕ್ತದ ಬಣ್ಣದ ಆ ರಾಕ್ಷಸ ಅಜ್ಜಿಯ ಕೊಡ ಹೊತ್ತು ನೀರಿಗೆ ಹೊರಡಬೇಕಾಯಿತು. ಮೂವರೂ ಮೈಮರೆತು ಕೂಗಾಡುತ್ತಿದ್ದರು. ನಾನು ಮಾತ್ರ ಓರೆಗಣ್ಣಿನಲ್ಲಿ ಮೇಜಿನ ಆ ತುದಿಯನ್ನೇ ನೋಡುತ್ತಿದ್ದೆ. ಅವಳು ಲೋಟ ತಿರುಗಿಸುತ್ತ ಕೂತಿದ್ದಳು. ತುಟಿ ಬಿಚ್ಚಲಿಲ್ಲ.

ಅಷ್ಟರಲ್ಲಿ ಅಡುಗೆಮನೆಯ ನಲ್ಲಿ ಕೆಮ್ಮಿತು, ಸೀನಿತು, ಜೋರಾಗಿ ನೀರು ಸುರಿಯಿತು. "ಬಂತು!" ಎಂದು ಅಜ್ಜಿ ತೂತಿನ ಕೊಡ ಎತ್ತಿಕೊಂಡು ಕೆಳಗೆ ತಮ್ಮ ಮನೆಗೆ ಓಡಿದರು. ಹಿಂದೆಯೇ ತಾತ. ತಮ್ಮಿಂದಲೇ ಬಂತು ಎಂಬ ಗತ್ತಿನಲ್ಲಿ ಇನ್ಸ್‌ಪೆಕ್ಟರು ಕೂಡ ಇಳಿದು ಹೋದರು. ಮನೆ ಖಾಲಿಯಾಯಿತು.

ನಾನು ನಲ್ಲಿ ನಿಲ್ಲಿಸಿ ಬಂದು ಪುಸ್ತಕ ಮುಚ್ಚಿದೆ. ದಾಳ ಹುಡುಕಿದರೆ ಸಿಗಲಿಲ್ಲ. ಅದು ಅವಳ ಕೈಯಲ್ಲಿತ್ತು.

"ಎಲ್ಲರನ್ನೂ ಕೇಳಿದ್ರಿ," ಎಂದಳು. ದನಿ ಸಣ್ಣಗಿತ್ತು, ಸ್ವಲ್ಪ ಒಡೆದಿತ್ತು, ನಿಲ್ದಾಣದ್ದಲ್ಲ. "ನನ್ನ ಕೇಳಲೇ ಇಲ್ಲ."

ನಾನು ಅವಳೆದುರು ಕುರ್ಚಿ ಎಳೆದು ಕೂತೆ. ರಾಕ್ಷಸ ಬೇಡ, ಗವಿ ಬೇಡ, ಹೆದರಿ ಎದ್ದುಹೋದಾಳು ಎಂದು ತೋಚಿದ್ದನ್ನು ಹೇಳಿದೆ. "ಒಂದು ಹೊಳೆ ಅಡ್ಡ ಬಂದಿದೆ. ಏನು ಮಾಡ್ತೀಯ?"

"ನೀರು ತಣ್ಣಗಿದೆಯಾ?"

"ತಣ್ಣಗಿದೆ."

"ಚಪ್ಪಲಿ ಕೈಲಿ ಹಿಡ್ಕೊಂಡು ದಾಟ್ತೀನಿ. ಕಲ್ಲು ಜಾರುತ್ತೆ, ನಿಧಾನವಾಗಿ." ದಾಳ ಹಾಕಿದಳು. ಹದಿನಾಲ್ಕು. "ದಾಟಿದೆ. ಈ ದಡದಲ್ಲಿ ಏನು ಕಾಣುತ್ತೆ?"

"ಎಳೆ ಹಸಿರು. ಅದಕ್ಕೆ ಒಂದು ತೊಟ್ಟು ಹಳದಿ ಬೆರೆಸಿದ ಹಾಗೆ ಹುಲ್ಲು. ಮೇಲೆ ತೆಳು ಬೂದು, ಒಂದೇ ಕೋಟ್."

"ಮಳೆ ಬರುತ್ತಾ?"

"ಬರಬೇಕಾ?"

"ಬೇಡ. ನಡೀಬೇಕು ನಾನು." ಅವಳು ಲೋಟ ಬದಿಗೆ ಸರಿಸಿದಳು. "ದಿನಾ ಅಷ್ಟು ಊರಿನ ಹೆಸರು ಹೇಳ್ತೀನಲ್ಲ, ಒಂದಕ್ಕೂ ಹೋಗಿಲ್ಲ. ಗಾಡಿ ಇಳಿದ ಕೂಡ್ಲೇ ಅಲ್ಲಿ ಮೊದಲು ಏನು ಕಾಣುತ್ತೆ ಅಂತ ಯೋಚನೆ ಬರುತ್ತೆ. ಒಂದು ಮರಾನೋ, ಬರೀ ಗೋಡೇನೋ. ಡಾಕ್ಟರು ಗಂಟಲಿಗೆ ರಜ ಕೊಡಿ ಅಂದಿದ್ದು ನಿಜ. ಆದ್ರೆ ಮನೆಗೆ ಬಂದು ಏನು ಹೇಳ್ಲಿ? ಊರೆಲ್ಲ ಎಲ್ಲೆಲ್ಲಿಗೋ ಹೋಯ್ತು, ನಾನು ಇಲ್ಲೇ ಇದ್ದೆ ಅಂತಲಾ?"

ಇಷ್ಟು ಮಾತು ಅವಳು ಒಟ್ಟಿಗೆ ಆಡಿದ್ದನ್ನು ಕೇಳಿ ನನಗೆ ತಲೆ ತಿರುಗಿತು. "ನಾನೂ ಬರ್ತೀನಿ!" ಎಂದೆ. "ನಾನೂ ದಾಟಿದೆ ಅಂದ್ಕೋ. ನಿನ್ನ ಪಕ್ಕದಲ್ಲೇ ಇದೀನಿ."

ಅವಳು ಪುಸ್ತಕ ಎಳೆದುಕೊಂಡು ಪುಟ ತಿರುವಿದಳು. ನಾನು ಓದದೆ ಬಿಟ್ಟ ಅಧ್ಯಾಯಗಳಲ್ಲೊಂದು. "ಆಟ ನಡೆಸುವವರಿಗೆ ತಮ್ಮದೇ ಪಾತ್ರ ಇರೋದಿಲ್ಲ. ಇಲ್ಲಿದೆ ನೋಡಿ."

"ಹಾಗಾದ್ರೆ ನಾನು ಯಾರು?"

"ಉಳಿದದ್ದೆಲ್ಲ ನೀವೇ. ಹೊಳೆ ನೀವು, ಹುಲ್ಲು ನೀವು. ಜೊತೆಗೆ ಬರೋ ಹಾಗಿಲ್ಲ."

ಜಗತ್ತನ್ನೆಲ್ಲ ಕೈಗೆ ಕೊಟ್ಟು, ಬೇಕಾದ ಒಂದೇ ಜಾಗವನ್ನು ಕಿತ್ತುಕೊಂಡ ಹಾಗಾಯಿತು ನನಗೆ. ಆದರೂ ಸುಮ್ಮನಿರಲಿಲ್ಲ. ಮುಂದಿನ ಕೆರೆಗೆ ಅಂಬಿಗನಾಗಿ ಬಂದೆ. ಅವಳು ದೋಣಿ ಇಳಿದು, "ಒಳ್ಳೇದಾಗ್ಲಿ ಅಣ್ಣಾ" ಎಂದು ಹೋದಳು. ಅಣ್ಣಾ ಎಂದದ್ದಕ್ಕೆ ನಾನು ಆಕ್ಷೇಪಿಸಿದೆ. ಆಟದಲ್ಲಿ ಗಂಡನ ಗುರುತು ಯಾರಿಗಿರುತ್ತದೆ ಎಂದಳು. ದಾರಿಬದಿಯ ಅಂಗಡಿಯವನಾಗಿ ಬನ್ನು ಕೊಟ್ಟೆ. ತಿಂದಳು, ಹಳಸಿದೆ ಎಂದಳು, ಹೋದಳು. ಕೊನೆಗೆ ನಾಯಿಯಾಗಿ ಹಿಂದೆ ಬಿದ್ದೆ.

"ಬೊಗಳುತ್ತಾ?" ಎಂದಳು.

ಮನಸಾರೆ ಬೊಗಳಿದೆ. ಕೆಳಗಿನಿಂದ ತಿದ್ದುಪಡಿ ತಾತ, "ಯಾರ ಮನೇದು ಅದು? ಕಟ್ಟಡದಲ್ಲಿ ಪ್ರಾಣಿ ಸಾಕೋ ಹಾಗಿಲ್ಲ!" ಎಂದು ಕೂಗಿದರು. ಅವಳು ಮೇಜಿಗೆ ಹಣೆಯಿಟ್ಟು ನಕ್ಕಳು. ನಗು ನಿಂತ ಮೇಲೆ ಕಣ್ಣು ಒರೆಸಿಕೊಂಡು, "ಮುಂದೆ?" ಎಂದಳು.

ಹೊರಗೆ ಬೆಳಕು ಇಳಿಯುತ್ತಿತ್ತು. ನನ್ನ ಹತ್ತಿರ ಇನ್ನು ಪ್ರಾಣಿಗಳಿರಲಿಲ್ಲ.

"ಒಂದು ತಿರುವು. ಅಲ್ಲೊಂದು ಮನೆ. ಒಳಗೆ ಒಬ್ಬ ಕೂತಿದಾನೆ."

"ಏನು ಮಾಡ್ತಿದಾನೆ?"

"ದಾರಿ ಕಾಯ್ತಿದಾನೆ."

"ಯಾರದ್ದು?"

"ನಿಂದು."

ಅವಳು ನನ್ನ ಮುಖ ನೋಡಲಿಲ್ಲ. ದಾಳವನ್ನು ಅಂಗೈಯಲ್ಲಿ ಅಲುಗಿಸಿ ಅಲುಗಿಸಿ ಹಾಕಿದಳು. ಮೂರು ಬಿತ್ತು.

"ಮೂರು ಅಂದ್ರೆ?"

ಸುಳ್ಳು ಹೇಳಬಹುದಿತ್ತು. ನಡೆಸುವವನು ನಾನೇ. ಆದರೆ ಅವಳು ಪುಸ್ತಕ ಓದಿಬಿಟ್ಟಿದ್ದಳು.

"ಮನೆ ನಿನ್ನ ಕಣ್ಣಿಗೆ ಬೀಳಲಿಲ್ಲ ಅಂತ. ದಾಟಿ ಹೋದೆ."

ಅಡುಗೆಮನೆಯಲ್ಲಿ ನಲ್ಲಿ ತೊಟ್ಟಿಕ್ಕುತ್ತಿತ್ತು. ಎದ್ದು ನಿಲ್ಲಿಸಲು ಇಬ್ಬರಿಗೂ ಮನಸ್ಸಾಗಲಿಲ್ಲ.

"ಮುಂದಿನ ತಿರುವಿನಲ್ಲಿ ಏನಿದೆ?" ಎಂದು ಕೇಳಿದಳು.

"ಒಂದು ಮನೆ."

"ಅದೇನಾ?"

"ಅದೇ."

"ಅದನ್ನೂ ದಾಟಿ ಹೋದ್ರೆ?"

"ಅದರ ಮುಂದಿನ ತಿರುವಿನಲ್ಲಿ ಇಡ್ತೀನಿ."

"ಎಲ್ಲಾ ತಿರುವಿನಲ್ಲೂ ಇಡ್ತೀರಾ?"

"ಇಡ್ತೀನಿ."

ಅವಳು ಕಾಲು ಮಡಿಚಿ ಕುರ್ಚಿಯ ಮೇಲೆ ಸರಿಯಾಗಿ ಕೂತು, ದಾಳ ಎತ್ತಿಕೊಂಡಳು.

"ಹಾಗಾದ್ರೆ ನಾನು ಇನ್ನೂ ಸ್ವಲ್ಪ ದೂರ ಹೋಗಿ ಬರ್ತೀನಿ," ಎಂದಳು. "ನೀವು ದಾರಿ ಹೇಳ್ತಾ ಇರಿ."